ಹಳದಿ ರೇನ್‌ಕೋಟಿಗೆ ಕೆಂಪು ಗುಂಡಿ

"ಅದು ನನ್ನ ರೇನ್‌ಕೋಟು! ಬಿಚ್ಚು! ಈಗ್ಲೇ ಬಿಚ್ಚು!"

ಕೆರೆಯ ದಂಡೆಯ ಮೇಲೆ ಆ ಶನಿವಾರ ರಜೆ ಕಳೆಯಲು ಬಂದವರ ಹತ್ತು ಹನ್ನೆರಡು ಟೆಂಟುಗಳಿದ್ದವು. ಒಂದೊಂದು ಟೆಂಟಿನಿಂದಲೂ ಒಂದೊಂದು ತಲೆ ಹೊರಗೆ ಬಂತು, ಅಷ್ಟು ಜೋರಾಗಿತ್ತು ಆ ಕೂಗು.

ಚಿಕ್ಕಿ ಕೈಯಲ್ಲಿದ್ದ ಆಲೂಗಡ್ಡೆಯನ್ನು ಬುಟ್ಟಿಗೆ ಎಸೆದು ಓಡಿದಳು. ನೋಡಿದರೆ, ಅವಳ ಅಕ್ಕನ ಮಗಳು, ಐದು ವರ್ಷದ ಪುಟ್ಟಿ, ಮೊಣಕಾಲಿಗಿಂತ ಕೆಳಗೆ ಜೋಲುವ ಹಳದಿ ರೇನ್‌ಕೋಟು ತೊಟ್ಟುಕೊಂಡು ಗೊಳೋ ಎಂದು ಅಳುತ್ತಿದ್ದಾಳೆ. ಅದರ ತೋಳು ಹಿಡಿದು ಜಗ್ಗುತ್ತಿರುವವಳು ಎಂಟೊಂಬತ್ತು ವರ್ಷದ, ಕಡ್ಡಿಯಂಥ ಇನ್ನೊಬ್ಬ ಹುಡುಗಿ.

"ಏಯ್, ಬಿಡಮ್ಮ! ಇದು ನಿಂದೇ ಅಂತ ಹೇಗೆ ಹೇಳ್ತೀಯ?"

"ಜೇಬಿಗೆ ಕೆಂಪು ಗುಂಡಿ ಇದೆ ನೋಡಿ! ಡಬ್ಬದಿಂದ ನಾನೇ ಆರಿಸಿ ಕೊಟ್ಟಿದ್ದು ಅದು. ಟೇಲರ್ ಆಂಟಿ ಅದನ್ನ..."

ಮಾತು ಅಲ್ಲಿಗೇ ನಿಂತಿತು. ಹುಡುಗಿ ತಲೆಯೆತ್ತಿ ಚಿಕ್ಕಿಯ ಮುಖ ನೋಡಿದಳು. ಕಣ್ಣು ಅರಳಿದವು.

"ಟೇಲರ್ ಆಂಟೀ!"

ರೇನ್‌ಕೋಟು ಕೈಬಿಟ್ಟು ಓಡಿ ಬಂದು ಚಿಕ್ಕಿಯ ಸೊಂಟವನ್ನು ತಬ್ಬಿಯೇಬಿಟ್ಟಳು.

ಚಿಕ್ಕಿ ಅವಳ ಗಲ್ಲ ಹಿಡಿದೆತ್ತಿ ನೋಡಿದಳು. ಗುಬ್ಬಿ! ಎಷ್ಟು ಉದ್ದ ಆಗಿದ್ದಾಳೆ! ಗುಬ್ಬಿ ಇಲ್ಲಿದ್ದಾಳೆ ಅಂದರೆ... ಅವನೂ...?

ಅವನೂ ಇದ್ದ. ನೀರಿನ ಕ್ಯಾನು ಹಿಡಿದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಸಣ್ಣಗೆ ಹನಿಯುತ್ತಿದ್ದ ಮಳೆ ಅವನ ಹುಬ್ಬಿನ ಮೇಲೆಲ್ಲ ಕೂತಿತ್ತು. ಅದನ್ನು ಒರೆಸಿಕೊಳ್ಳುವುದನ್ನೂ ಮರೆತು ಅವನು ನೋಡುತ್ತಿದ್ದ.

"ಗುಬ್ಬಿ, ಬಾ ಈ ಕಡೆ," ಎಂದ ಕೊನೆಗೆ. "ಬೇರೆಯವರಿಗೆಲ್ಲ ಹಾಗೆ ತೊಂದ್ರೆ ಕೊಡಬಾರ್ದು."

ಬೇರೆಯವರು! ಒಂದೂವರೆ ವರ್ಷದ ಮೇಲೆ ಎದುರಿಗೆ ಸಿಕ್ಕಿದ್ದಾನೆ. ಸಿಕ್ಕಿ ಆಡಿದ ಮೊದಲ ಮಾತೇ ಇದು! ಚಿಕ್ಕಿಗೆ ಅಳು ಬಂತೋ ಸಿಟ್ಟು ಬಂತೋ ಅವಳಿಗೇ ಗೊತ್ತಾಗಲಿಲ್ಲ. ಎರಡೂ ಬಂದಿರಬೇಕು ಬಿಡಿ.

ಈ ಚಿಕ್ಕಿ ಯಾರು ಅಂತ ಹೇಳಬೇಕಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಪುಟ್ಟ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಹರಿದದ್ದನ್ನು ಸರಿ ಮಾಡುವುದೇ ಅವಳ ಕೆಲಸ. ಶಾಲೆಯ ಚೀಲ, ಛತ್ರಿ, ರೇನ್‌ಕೋಟು, ಟೆಂಟು, ಸ್ಕೂಟರಿನ ಸೀಟು, ಏನೇ ಹರಿದರೂ ಜನ ಅವಳ ಹತ್ತಿರವೇ ಬರುತ್ತಾರೆ. ವಯಸ್ಸು ಮೂವತ್ತನಾಲ್ಕು. ಮಕ್ಕಳು ಕರೆಯುವ ಚಿಕ್ಕಿ ಅನ್ನುವ ಹೆಸರೇ ಈಗ ಮನೆಯವರಿಗೆಲ್ಲ ರೂಢಿಯಾಗಿದೆ. ಹಿಂದೊಮ್ಮೆ ಮದುವೆ ಗೊತ್ತಾಗಿ, ಹುಡುಗ ಹೇಳಿದ್ದೆಲ್ಲ ಬರೀ ಸುಳ್ಳು ಎಂದು ಗೊತ್ತಾಗಿ, ಅದು ಮುರಿದುಬಿದ್ದಿತ್ತು. ಅವತ್ತಿನಿಂದ ನೆಪ ಹೇಳಿಕೊಂಡು ಬರುವ ಗಂಡಸನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮತ್ತೆ ಅವನು? ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟು ನಿಂತರೆ ಜನ ಅವನಿಗೆ ಫೋನ್ ಮಾಡುತ್ತಾರೆ. ಗುಬ್ಬಿಗೆ ಎರಡು ವರ್ಷವಿದ್ದಾಗ ಹೆಂಡತಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಮಾತು ಕಮ್ಮಿ. ಕೇಳಿದರೆ ಉತ್ತರ, ಇಲ್ಲದಿದ್ದರೆ ಒಂದು ನಗು.

ಮೊದಲ ಸಲ ಬಂದದ್ದು ಮಗಳ ಚೀಲದ ಪಟ್ಟಿ ಹರಿದು. ಆಮೇಲೆ ಛತ್ರಿ. ಆಮೇಲೆ ಊಟದ ಡಬ್ಬಿಯ ಚೀಲ. ಆಮೇಲೆ ರೇನ್‌ಕೋಟಿನ ಜೇಬು. ನಡುವೆ ಒಮ್ಮೆ ಅವನ ಟೂಲ್ ಬ್ಯಾಗಿನ ಜಿಪ್ಪು. ಪ್ರತಿ ಸಲವೂ ಅಪ್ಪ ಮಗಳು ಜೊತೆಯಾಗಿ ಬರುವರು. ಗುಬ್ಬಿ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು, ಎಡಗೈಯಿಂದ ಡಬ್ಬದೊಳಗಿನ ಗುಂಡಿಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸುವಳು. ಅವನು ಬಾಗಿಲಿಗೆ ಒರಗಿ ಹೊಲಿಗೆ ಯಂತ್ರದ ಸದ್ದು ಕೇಳುತ್ತ ನಿಲ್ಲುವನು. ಚಿಕ್ಕಿ ಹತ್ತು ನಿಮಿಷದ ಕೆಲಸವನ್ನು ಅರ್ಧ ಗಂಟೆ ಮಾಡುವಳು. ಆ ಅರ್ಧ ಗಂಟೆಗಾಗಿ ವಾರವಿಡೀ ಕಾಯುವಳು. ಇದನ್ನು ಪ್ರೀತಿ ಅನ್ನದೆ ಮತ್ತಿನ್ನೇನು ಅನ್ನಬೇಕು ಹೇಳಿ!

ಆದರೆ ಒಂದು ದಿನ ಚೀಲದ ಪಟ್ಟಿ ಮತ್ತೆ ಬಂತು. ಚಿಕ್ಕಿ ಅದನ್ನು ದೀಪದ ಕೆಳಗೆ ಹಿಡಿದು ನೋಡಿದಳು. ಹರಿದ ಬಟ್ಟೆಯ ಅಂಚಿನಲ್ಲಿ ಎಳೆ ಬಿಟ್ಟುಕೊಂಡಿರುತ್ತದೆ. ಇದರಲ್ಲಿ ಒಂದೆಳೆಯೂ ಬಿಟ್ಟಿರಲಿಲ್ಲ. ಇದು ಹರಿದದ್ದಲ್ಲ, ಕತ್ತರಿಸಿದ್ದು!

ಅಂದರೆ... ಇಷ್ಟು ದಿನ ಬಂದದ್ದೆಲ್ಲ ನೆಪವೇ? ಇವನೂ ಸುಳ್ಳನೇ?

ಹಳೆಯ ಗಾಯಕ್ಕೆ ಉಪ್ಪು ಬಿದ್ದಂತಾಯಿತು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದಾರೆ ಎನ್ನುವುದೂ ನೆನಪಿಗೆ ಬರಲಿಲ್ಲ.

"ಮಗು ಚೀಲಕ್ಕೆ ಕತ್ತರಿ ಹಾಕ್ಕೊಂಡು ಬರ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ನನ್ನನ್ನ ಏನಂದ್ಕೊಂಡಿದೀರಿ? ಇನ್ಮೇಲೆ ಈ ಕಡೆ ಬರಬೇಡಿ!"

ಅವನ ಮುಖ ಕೆಂಪಗಾಯಿತು. ಬಾಯಿ ತೆರೆದ. ಗುಂಡಿ ವಿಂಗಡಿಸುತ್ತಿದ್ದ ಮಗಳ ಕಡೆ ಒಮ್ಮೆ ನೋಡಿದ. ಬಾಯಿ ಮುಚ್ಚಿದ. ಚೀಲವನ್ನೂ ಮಗಳನ್ನೂ ಎತ್ತಿಕೊಂಡು ಹೊರಟುಹೋದ. ಜೇಬು ಹೊಲಿದು ಮೊಳೆಗೆ ನೇತುಹಾಕಿದ್ದ ರೇನ್‌ಕೋಟು ಅಲ್ಲೇ ಉಳಿಯಿತು.

ಆರು ತಿಂಗಳಾದರೂ ಯಾರೂ ಒಯ್ಯದ ವಸ್ತುವನ್ನು ಬೇಕಾದವರಿಗೆ ಕೊಟ್ಟುಬಿಡುವುದು ಚಿಕ್ಕಿಯ ಅಂಗಡಿಯ ಪದ್ಧತಿ. ರೇನ್‌ಕೋಟನ್ನು ಮಾತ್ರ ಕೊಡಲಿಲ್ಲ. ದಿನಾ ಬೆಳಗ್ಗೆ ಅದರ ಧೂಳು ಒರೆಸುವಳು. 'ಬಂದು ಒಂದು ಮಾತು ಹೇಳಬಾರದಿತ್ತೇ? ತಪ್ಪಾಯ್ತು ಅಂದಿದ್ದರೆ ಸಾಕಿತ್ತಲ್ಲ...' ಅಂದುಕೊಳ್ಳುವಳು. ನಿನ್ನೆ ಸಂಜೆ ಅಕ್ಕ ಅಂಗಡಿಗೆ ಬಂದವಳು, ಮಳೆ ಬಂದರೆ ಇರಲಿ ಎಂದು ಯಾರನ್ನೂ ಕೇಳದೆ ಅದನ್ನು ಚೀಲಕ್ಕೆ ತುರುಕಿಕೊಂಡಿದ್ದಳು. ಕಥೆ ಈಗ ಕೆರೆಯ ದಂಡೆಗೆ ಬಂದು ನಿಂತದ್ದು ಹೀಗೆ.

"ಯಾರೇ ಅದು?" ಅಕ್ಕ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಹಳೇ ಗಿರಾಕಿ."

"ಹಳೇ ಗಿರಾಕಿಯನ್ನ ನೋಡಿ ಹೀಗೆ ಬೆವರ್ತಾರಾ? ಮಳೆ ಬರ್ತಿದೆ ಕಣೆ, ಬೆವರೋಕೆ ಬಿಸಿಲಾದರೂ ಬೇಡ್ವಾ?"

ಅಕ್ಕನಿಗೆ ಎಲ್ಲ ಅರ್ಥವಾಯಿತು ಎಂದು ಚಿಕ್ಕಿಗೆ ಗೊತ್ತಾಯಿತು.

ಅಷ್ಟರಲ್ಲಿ ಹಿಂದಿನಿಂದ ಧೊಪ್ ಎಂದು ಸದ್ದು. ಎರಡು ಗಂಟೆ ಹೊತ್ತಿನಿಂದ ಭಾವ ಒಬ್ಬರೇ ನಿಲ್ಲಿಸುತ್ತಿದ್ದ ಟೆಂಟು ಅವರ ಮೇಲೆಯೇ ಕವುಚಿ ಬಿದ್ದಿತ್ತು. ಭಾವ ಬ್ಯಾಂಕಿನಲ್ಲಿ ಮ್ಯಾನೇಜರು. ಗೂಟ ಹೊಡೆಯುವುದನ್ನು ಬಿಟ್ಟು ಬೇರೆಲ್ಲ ಬಲ್ಲವರು.

"ಅಪ್ಪ ಯಾಕೆ ಒಳಗೆ ಹೋದ್ರು? ಟೆಂಟ್ ಯಾಕೆ ಮಲಗ್ತು?" ಎಂದ ಅಕ್ಕನ ಮಗ. ಏಳು ವರ್ಷದ ಇವನು ಏನು ಕಂಡರೂ ಯಾಕೆ ಅನ್ನುತ್ತಾನೆ. ಅದಕ್ಕೇ ಇವನ ಹೆಸರು ಯಾಕಪ್ಪ.

ಮೆಕ್ಯಾನಿಕ್ ಕ್ಯಾನು ಕೆಳಗಿಟ್ಟು ಬಂದ. ಐದೇ ನಿಮಿಷ. ಟೆಂಟು ಎದ್ದು ನಿಂತಿತು.

"ದೇವರು ಬಂದ ಹಾಗೆ ಬಂದ್ರಿ ಮಾರಾಯ್ರೇ!" ಎಂದರು ಭಾವ. "ಮಧ್ಯಾಹ್ನ ನಮ್ಮ ಜೊತೇಲೇ ಊಟ. ಬೇಡ ಅನ್ನೋ ಹಾಗಿಲ್ಲ."

ಅವನು ಚಿಕ್ಕಿಯ ಕಡೆ ನೋಡಿದ. ಚಿಕ್ಕಿ ಆಲೂಗಡ್ಡೆಯ ಕಡೆ ನೋಡಿದಳು.

"ಅಪ್ಪ, ಹೂಂ ಅನ್ನು! ಹೂಂ ಅನ್ನು!" ಎಂದಳು ಗುಬ್ಬಿ.

ಊಟಕ್ಕೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕೆಂಡದಲ್ಲಿ ಸುಟ್ಟ ಆಲೂಗಡ್ಡೆ. ಅರ್ಧ ಗಂಟೆಯೊಳಗೆ ಪುಟ್ಟಿಗೂ ಗುಬ್ಬಿಗೂ ಗಳಸ್ಯ ಕಂಠಸ್ಯ. ರೇನ್‌ಕೋಟು ತನಗೆ ಚಿಕ್ಕದಾಯಿತು ಎಂದು ಗುಬ್ಬಿ ತಾನೇ ಒಪ್ಪಿಕೊಂಡು, "ಇಟ್ಕೋ. ಆದ್ರೆ ಗುಂಡಿ ಮಾತ್ರ ನಂದೇ," ಎಂದು ಷರತ್ತು ಹಾಕಿದಳು.

ಚಿಕ್ಕಿಗೆ ಇಷ್ಟೇ ಸಾಕಾಗಿತ್ತು. ದೂರದಲ್ಲಿ ಅವನು ಕೂತಿದ್ದಾನೆ, ಹತ್ತಿರದಲ್ಲಿ ಗುಬ್ಬಿ ತನ್ನ ತೊಡೆಗೆ ಒರಗಿದ್ದಾಳೆ...

"ಆಂಟಿ, ನಾವು ಬೇರೆ ಊರಿಗೆ ಹೋಗ್ತಿದೀವಿ," ಎಂದಳು ಗುಬ್ಬಿ, ಮೊಟ್ಟೆಯ ಸಿಪ್ಪೆ ಬಿಡಿಸುತ್ತ.

ಚಿಕ್ಕಿ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟಳು.

"ಕಂಪನಿಯವರು ಅಲ್ಲೊಂದು ಹೊಸ ಶಾಖೆ ತೆಗೀತಿದಾರೆ," ಎಂದ ಅವನು, ಭಾವನಿಗೆ ಹೇಳುವಂತೆ. "ಸೋಮವಾರದೊಳಗೆ ಹೇಳಿ ಅಂದಿದಾರೆ. ಹೂಂ ಅನ್ನೋದು ಅಂತ... ಇಲ್ಲಿರೋಕೆ ಅಂಥ ಕಾರಣ ಏನೂ ಇಲ್ವಲ್ಲ."

ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಎದ್ದು ತಟ್ಟೆ ತೊಳೆಯಲು ಹೋದಳು. ಇನ್ನೂ ತಿಂದು ಮುಗಿಯದ ತಟ್ಟೆ!

ಮಳೆ ನಿಂತಿತ್ತು. ಸಂಜೆ ಮಕ್ಕಳು ಮೊಣಕಾಲುದ್ದದ ನೀರಿನಲ್ಲಿ ಕುಣಿಯುವಾಗ, ಕಾವಲಿಗೆ ದಂಡೆಯ ಮೇಲೆ ಕೂತವರು ಇವರಿಬ್ಬರೇ. ಅಕ್ಕ ಬೇಕೆಂದೇ ಭಾವನನ್ನು ಸೌದೆ ಆರಿಸಲು ಎಳೆದುಕೊಂಡು ಹೋಗಿದ್ದಳು. ಕೆರೆಯ ನೀರು ಸದ್ದಿಲ್ಲದೆ ದಂಡೆಗೆ ಬಂದು ಹಿಂದೆ ಸರಿಯುತ್ತಿತ್ತು.

ಚಿಕ್ಕಿ ಒಂದೂವರೆ ವರ್ಷದಿಂದ ನಾಲಿಗೆಯ ತುದಿಯಲ್ಲಿಟ್ಟುಕೊಂಡ ಮಾತನ್ನು ಕೊನೆಗೂ ಆಡಿದಳು.

"ಅವತ್ತು... ನಾನು ಹಾಗೆ ಎಲ್ಲರೆದುರಿಗೆ ಅನ್ನಬಾರ್ದಿತ್ತು."

"ಹೋಗ್ಲಿ ಬಿಡಿ. ಹಳೇ ಮಾತು."

"ನೀವು ಕತ್ತರಿಸಿದ್ದು ತಪ್ಪೇ. ಆದ್ರೂ..."

ಅವನು ತಿರುಗಿ ನೋಡಿದ. ಏನೋ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಚಿಕ್ಕಿ ಕಾದಳು. 'ಹೇಳಪ್ಪಾ! ನಿನ್ನನ್ನ ನೋಡೋಕೆ ಬರ್ತಿದ್ದೆ ಅಂತಾದರೂ ಹೇಳು. ನಾನಲ್ಲ ಅಂತಾದರೂ ಹೇಳು!'

ಅವನು ನೀರಿನಲ್ಲಿ ಆಡುವ ಮಗಳ ಕಡೆ ನೋಡಿದ. ಅವತ್ತು ಅಂಗಡಿಯಲ್ಲಿ ನೋಡಿದ ಹಾಗೆಯೇ. ಆಮೇಲೆ ಮೆಲ್ಲಗೆ ನಕ್ಕ.

"ಹೂಂ. ತಪ್ಪೇ," ಎಂದ.

ಅಷ್ಟೇ! ಚಿಕ್ಕಿಯ ಕಣ್ಣು ತುಂಬಿ ಬಂತು. ಒಂದೂವರೆ ವರ್ಷ ಕಾದಿದ್ದು ಈ ಎರಡು ಮಾತಿಗಾ? ಎದ್ದು ಸೆರಗಿಗಂಟಿದ ಮರಳು ಕೊಡವಿಕೊಂಡು ಹೋಗಿಬಿಟ್ಟಳು. ನಾಳೆ ಮಧ್ಯಾಹ್ನ ಟೆಂಟು ಬಿಚ್ಚುತ್ತಾರೆ. ಸೋಮವಾರ ಅವನು ಹೂಂ ಅನ್ನುತ್ತಾನೆ. ಮುಗಿಯಿತು.

ಭಾನುವಾರ ಬೆಳಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಭಾವ, ಮೆಕ್ಯಾನಿಕ್, ಯಾಕಪ್ಪ ಮೂವರೂ ಬೆಳಕು ಹರಿಯುತ್ತಲೇ ಬಾಡಿಗೆ ದೋಣಿ ಹತ್ತಿ ಮೀನು ಹಿಡಿಯಲು ಹೋಗಿದ್ದರು. ಕೆರೆಯ ನಡುವೆ ದೋಣಿ ಕಾಣುತ್ತಿತ್ತು. ಮೀನು ಯಾಕೆ ಬರಲ್ಲ ಎಂದು ಯಾಕಪ್ಪ ಕೇಳುವುದು ದಂಡೆಗೂ ಕೇಳುತ್ತಿತ್ತು. ಇಷ್ಟು ಗಲಾಟೆಗೆ ಯಾವ ಮೀನು ತಾನೇ ಬಂದೀತು!

ಚಿಕ್ಕಿ ಚಹಾಕ್ಕೆ ನೀರಿಟ್ಟಿದ್ದಳು. ಗುಬ್ಬಿ ಏದುಸಿರು ಬಿಡುತ್ತ ಬಂದಳು.

"ಆಂಟಿ, ಆಂಟಿ! ನಮ್ಮ ಟೆಂಟ್ ಹರಿದುಹೋಗಿದೆ!"

"ಹೇಗೆ ಹರೀತು?"

"ಗೊತ್ತಿಲ್ಲ... ಗಾಳಿಗೆ."

ಎಲೆ ಕೂಡ ಅಲ್ಲಾಡದಂಥ ಬೆಳಗು ಅದು. ಚಿಕ್ಕಿ ಒಲೆಯ ಮುಂದಿನಿಂದ ಎದ್ದಳು. ಎಲ್ಲಿಗೆ ಹೋದರೂ ಜೊತೆಯಲ್ಲೇ ಒಯ್ಯುವ ಸೂಜಿ ದಾರದ ಡಬ್ಬ ತೆಗೆದುಕೊಂಡು ಹೊರಟಳು.

ಟೆಂಟಿನ ಹಿಂದಿನ ಗೋಡೆಯಲ್ಲಿ, ನೆಲದಿಂದ ಮೂರಡಿಯವರೆಗೆ ಬಟ್ಟೆ ಸೀಳಿತ್ತು. ಚಿಕ್ಕಿ ಮಂಡಿಯೂರಿ ಕೂತು ಅಂಚನ್ನು ಬೆರಳಿನ ಮೇಲೆ ಹಿಡಿದಳು.

ಒಂದೆಳೆಯೂ ಬಿಟ್ಟಿರಲಿಲ್ಲ.

ಕತ್ತರಿಸಿದ್ದು! ಮತ್ತೆ ಅದೇ!

ಆದರೆ ಅವನು ದೋಣಿಯಲ್ಲಿದ್ದಾನೆ... ಎದ್ದಾಗಿನಿಂದ ಅಲ್ಲೇ ಇದ್ದಾನೆ...

ಈ ಸಲ ಚಿಕ್ಕಿಗೆ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ ಕಣ್ಣು ಸರಿಯಾಗಿ ನೋಡಿತು. ದೊಡ್ಡವರ ಕತ್ತರಿ ಒಂದೇ ಎಳೆತಕ್ಕೆ ಉದ್ದಕ್ಕೆ ಹೋಗುತ್ತದೆ. ಇದು ಇಲಿ ಕಡಿದ ಹಾಗೆ ಚೂರು ಚೂರೇ ಕಚ್ಚಿಕೊಂಡು ಹೋಗಿತ್ತು. ಶಾಲೆಯಲ್ಲಿ ಕಾಗದ ಕತ್ತರಿಸುವ ಮೊಂಡು ಮೂತಿಯ ಕತ್ತರಿ! ಮತ್ತೆ ಬಲಗೈಯವರು ಕತ್ತರಿಸಿದ ಗೆರೆ ಮೇಲೇರುತ್ತ ಎಡಕ್ಕೆ ವಾಲುತ್ತದೆ. ಇದು ಬಲಕ್ಕೆ ವಾಲಿತ್ತು.

ಚೀಲದ ಪಟ್ಟಿಯೂ ಹೀಗೇ ಇತ್ತಲ್ಲವೇ? ಇತ್ತು! ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಹದಿನಾಲ್ಕು ವರ್ಷದಿಂದ ಬಟ್ಟೆ ಹಿಡಿದ ಕೈ ಇದು. ಬಟ್ಟೆ ಎಲ್ಲವನ್ನೂ ಹೇಳಿತ್ತು. ಅವಳೇ ಅರ್ಧ ಕೇಳಿ ಎದ್ದುಬಿಟ್ಟಿದ್ದಳು.

ಚಿಕ್ಕಿ ಮೆಲ್ಲಗೆ ತಿರುಗಿದಳು. ಗುಬ್ಬಿ ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದಳು.

"ಗುಬ್ಬಿ... ಕೈ ತೋರ್ಸು ಚಿನ್ನಾ."

ಕೈ ಮುಂದೆ ಬಂತು. ನೀಲಿ ಹಿಡಿಯ ಪುಟ್ಟ ಕತ್ತರಿ.

"ಚೀಲಾನೂ ನೀನೇನಾ?"

ಹೌದು ಎಂಬಂತೆ ತಲೆ ಆಡಿತು.

"ಯಾಕೋ ಕಂದಾ?"

"ಹರಿದ್ರೇನೇ ನಿಮ್ಮ ಅಂಗಡಿಗೆ ಬರೋಕೆ ಆಗೋದು." ಗುಬ್ಬಿಯ ಕಣ್ಣಿಂದ ದಳದಳ ನೀರು ಸುರಿಯಿತು. "ಚೀಲ ಚಿಕ್ಕದು, ಬೇಗ ಹೊಲಿದುಬಿಡ್ತೀರಿ. ಟೆಂಟಾದ್ರೆ ತುಂಬ ಹೊತ್ತು ಬೇಕಲ್ವಾ ಆಂಟಿ? ಅದಕ್ಕೇ ದೊಡ್ಡದಾಗಿ ಕತ್ತರಿಸಿದೀನಿ. ಹೊಲಿಗೆ ಮುಗಿಯೋ ತನಕ ನಾವು ಹೋಗೋದು ಬೇಡ ಅಲ್ವಾ?"

ಚಿಕ್ಕಿ ಅವಳನ್ನು ಎಳೆದು ಎದೆಗೆ ಅವಚಿಕೊಂಡಳು. ಇಬ್ಬರೂ ಅತ್ತರು. ಒಲೆಯ ಮೇಲಿನ ನೀರು ಕುದ್ದು ಕುದ್ದು ಆರಿಹೋಗುತ್ತಿದ್ದರೂ ಅಕ್ಕ ದೂರದಿಂದ ನೋಡಿ ಸುಮ್ಮನಿದ್ದಳು.

ದೋಣಿ ದಂಡೆಗೆ ಬಂದಾಗ ಚಿಕ್ಕಿ ನೀರಿನ ಅಂಚಿನಲ್ಲೇ ಕಾಯುತ್ತಿದ್ದಳು. ಭಾವ ಖಾಲಿ ಬುಟ್ಟಿ ಹಿಡಿದು ಇಳಿದರು. ಯಾಕಪ್ಪ ಬಾಯಿ ತೆರೆಯುವ ಮೊದಲೇ ಅಕ್ಕ ಅವನ ಬಾಯಿಗೊಂದು ಬಿಸ್ಕತ್ತು ಇಟ್ಟು ಎಳೆದುಕೊಂಡು ಹೋದಳು.

"ನಿಮಗೆ ಗೊತ್ತಿತ್ತು ಅಲ್ವಾ?" ಎಂದಳು ಚಿಕ್ಕಿ. ಅಂಗೈಯಲ್ಲಿ ನೀಲಿ ಕತ್ತರಿ.

ಅವನು ಕತ್ತರಿಯನ್ನು ನೋಡಿ ನಿಟ್ಟುಸಿರು ಬಿಟ್ಟ. "ಅಯ್ಯೋ... ಟೆಂಟಾ?"

"ಮೂರಡಿ! ಮಾತು ಮರೆಸಬೇಡಿ. ಗೊತ್ತಿತ್ತಾ ಇಲ್ವಾ?"

"ಅವತ್ತು ನೀವು ಅಂದಾಗಲೇ ಗೊತ್ತಾಗಿದ್ದು. ಅವಳ ಮುಖ ಬಿಳುಚಿಕೊಂಡಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಅಷ್ಟೆಲ್ಲ ಅಂದೆ! ನಿನ್ನೆ ಕೂಡ ಕೇಳಿದೆ! ನೀವು ತಪ್ಪು ನಂದೇ ಅಂದ್ಬಿಟ್ರಿ!"

"ಏನಂತ ಹೇಳ್ಲಿ? ನಾನಲ್ಲ, ನನ್ನ ಮಗಳು ಅಂತಾನಾ? ಅಮ್ಮ ಇಲ್ಲದ ಮಗು. ಅವಳು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿರೋದು ನಿಮ್ಮನ್ನ. ನಿಮ್ಮೆದುರಿಗೆ ಅವಳನ್ನ ಕಳ್ಳಿ ಮಾಡೋಕೆ ಮನಸ್ಸು ಬರ್ಲಿಲ್ಲ. ನಾನು ಕೆಟ್ಟವನಾದ್ರೆ ಆಗ್ಲಿ ಅಂದ್ಕೊಂಡೆ."

ಇವನನ್ನಾ ತಾನು ಸುಳ್ಳ ಅಂದದ್ದು!

"ಇನ್ನೊಂದು..." ಅವನು ಕತ್ತಿನ ಹಿಂಭಾಗ ಕೆರೆದುಕೊಂಡ. ಕಿವಿ ಕೆಂಪಾಗಿದ್ದವು. "ನೀವು ಅಂದಿದ್ದು ಪೂರ್ತಿ ಸುಳ್ಳೂ ಅಲ್ಲ. ಆ ಟೂಲ್ ಬ್ಯಾಗಿನ ಜಿಪ್ಪು..."

"ಜಿಪ್ಪು?"

"ಅದು ಕೆಟ್ಟಿರ್ಲಿಲ್ಲ. ಇಕ್ಕಳ ಹಾಕಿ ನಾನೇ ಕಿತ್ತಿದ್ದು."

ಚಿಕ್ಕಿ ಕಣ್ಣು ಅಗಲಿಸಿ ನೋಡಿದಳು. ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ. ನಗು ತಡೆಯಲಾಗಲಿಲ್ಲ.

"ಅಪ್ಪ ಮಗಳು ಇಬ್ಬರೂ ಒಂದೇ!"

"ಹೂಂ. ಅದಕ್ಕೇ ನಿನ್ನೆ ತಪ್ಪೇ ಅಂದೆ. ನೀವು ಬರಬೇಡಿ ಅಂದ ಮೇಲೆ ಬರೋಕೆ ಮುಖ ಇರ್ಲಿಲ್ಲ. ಆದ್ರೆ ಒಂದು ದಿನಾನೂ ನಿಮ್ಮನ್ನ ನೆನೀದೆ ಇರ್ಲಿಲ್ಲ."

"ನಾನು ದಿನಾ ಆ ರೇನ್‌ಕೋಟಿನ ಧೂಳು ಒರೆಸ್ತಿದ್ದೆ," ಎಂದಳು ಚಿಕ್ಕಿ. ಹೇಳಿದ ಮೇಲೆ ನಾಚಿಕೆಯಾಯಿತು. ಆದರೂ ನಿಲ್ಲಿಸಲಿಲ್ಲ. "ಯಾರಾದ್ರೂ ಬಾಗಿಲಿಗೆ ಒರಗಿದ್ರೆ ನೀವೇ ಅಂದ್ಕೊಂಡು ತಲೆ ಎತ್ತುತ್ತಿದ್ದೆ. ನನ್ನದು ತಪ್ಪಾಯ್ತು. ನನಗೆ ನೀವು ಬೇಕು. ಗುಬ್ಬಿನೂ ಬೇಕು. ಹೋಗಬೇಡಿ."

ಹೇಳಿಯೇಬಿಟ್ಟಳು! ಅವನು ನೀರಿನಲ್ಲಿ ನಿಂತಲ್ಲೇ ನಿಂತಿದ್ದ. ಚಪ್ಪಲಿ ಒಂದು ಕಾಲಿನಿಂದ ಕಳಚಿ ತೇಲಿಹೋಗುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಅಷ್ಟು ಹೊತ್ತಿಗೆ ಗುಬ್ಬಿ ಓಡಿ ಬಂದು ಅಪ್ಪನ ಎದುರು ತಲೆ ತಗ್ಗಿಸಿ ನಿಂತಳು. "ಅಪ್ಪ... ಟೆಂಟು ನಾನು..."

"ಗೊತ್ತಾಯ್ತು ಕಂದ." ಅವನು ಬಗ್ಗಿ ಮಗಳ ತಲೆ ನೇವರಿಸಿದ. ಆಮೇಲೆ ಚಿಕ್ಕಿಯ ಮುಖ ನೋಡಿದ. "ಎಷ್ಟು ದಿನ ಬೇಕಾಗತ್ತೆ ಹೊಲಿಯೋಕೆ?"

ಒಂದು ಗಂಟೆಯ ಕೆಲಸ ಅದು. ಚಿಕ್ಕಿ ಬೆರಳು ಮಡಚಿ ಲೆಕ್ಕ ಹಾಕುವಂತೆ ನಟಿಸಿದಳು.

"ಇವತ್ತಂತೂ ಆಗಲ್ಲ. ಸೋಮವಾರವೂ ಆಗಲ್ಲ. ನೀವು ದಿನಾ ಬಂದು ಬಾಗಿಲಿಗೆ ಒರಗಿ ನಿಲ್ಲಬೇಕು."

"ಸೋಮವಾರ ಕಂಪನಿಗೆ ಫೋನ್ ಮಾಡಬೇಕು."

"ಏನಂತೀರಿ?"

"ಬರೋಕಾಗಲ್ಲ ಅಂತೀನಿ. ಹೊಲಿಗೆ ಕೆಲಸ ನಡೀತಿದೆ ಅಂತೀನಿ."

ಗುಬ್ಬಿ ಇಬ್ಬರ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿದಳು. ಆಮೇಲೆ ಚಿಕ್ಕಿಯ ಅಂಗೈಯಲ್ಲಿದ್ದ ಕತ್ತರಿಯ ಮೇಲೆ ತನ್ನ ಪುಟ್ಟ ಬೆರಳಿಂದ ಚಿಕ್ಕಿಯ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಇದನ್ನ ನೀವೇ ಇಟ್ಕೊಳ್ಳಿ ಆಂಟಿ," ಎಂದಳು. "ಇನ್ಮೇಲೆ ಏನೂ ಹರೀದೇ ಇದ್ರೂ ಬರಬಹುದಲ್ವಾ?"

"ಬಾ," ಎಂದಳು ಚಿಕ್ಕಿ. "ದಿನಾ ಬಾ."